ವರ್ಷಕ್ಕೊಂದು ಗೋಡೆಗೆ ಬಾಗಿಲು ಸರಿಸುವ ಮಾನ್ಯರಿಗೆ

ವೈದ್ಯಕೀಯ ಪದವಿ ಪ್ರವೇಶ ಮಂಡಳಿಯ ಮಾನ್ಯ ಅಧ್ಯಕ್ಷರೇ, ಮಾನ್ಯ ಸದಸ್ಯರೇ, ಹಾಗೂ ಪ್ರತಿ ವರ್ಷದ ಮಾರ್ಗದರ್ಶಿ ಪುಸ್ತಿಕೆಯ ಮುಖಪುಟದಲ್ಲಿ ಕೊರಳಿಗೆ ಸ್ಟೆತಸ್ಕೋಪು ಹಾಕಿಕೊಂಡು ನಗುವ ಮಾನ್ಯ ಅನಾಮಿಕ ಯುವತಿಯೇ,

ತಮಗೆಲ್ಲರಿಗೂ ವಿನಯಪೂರ್ವಕ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಕ್ಷೇಮವಿಲ್ಲದಿದ್ದರೂ ಭಯಪಡಬೇಕಾದ್ದಿಲ್ಲ, ತಮ್ಮ ನಾಡಿ ಹಿಡಿದು ನೋಡುವ ವೈದ್ಯರೆಲ್ಲ ತಾವು ಅಧಿಕಾರಕ್ಕೆ ಬರುವುದಕ್ಕೆ ಮೊದಲೇ ಪಾಸಾದವರು.

ನಾನು ಹಲ್ಲಿನ ಸೆಟ್ಟು ಮಾಡುವ ಕಸುಬಿನವಳು. ದಂತವೈದ್ಯರು ಕಳಿಸುವ ದವಡೆಯ ಅಚ್ಚಿನ ಮೇಲೆ ಮೇಣ ಕೂರಿಸಿ, ಅದರಲ್ಲಿ ಹಲ್ಲು ಜೋಡಿಸಿ, ಉಜ್ಜಿ, ಹೊಳಪು ಕೊಟ್ಟು ಕಳಿಸುವುದಷ್ಟೇ ನನಗೆ ಗೊತ್ತಿರುವ ವಿದ್ಯೆ. ಪ್ರವೇಶ ನೀತಿಯಂಥ ಗಹನವಾದ ವಿಷಯದಲ್ಲಿ ಬಾಯಿ ಹಾಕುವ ಯೋಗ್ಯತೆ ನನಗಿಲ್ಲ. ಆದರೂ ತಮ್ಮ ಸುಧಾರಣೆಗಳ ಫಲವನ್ನು ಮನೆಯಲ್ಲಿಟ್ಟುಕೊಂಡು ಉಂಡವರು ನಾವು. ಉಂಡ ಮೇಲೆ ಊಟ ಹೇಗಿತ್ತೆಂದು ಹೇಳದೆ ಏಳುವುದು ಮರ್ಯಾದೆಯಲ್ಲವೆಂದು ಈ ಪತ್ರ.

ನನ್ನ ಮಗಳು ಹನ್ನೆರಡರ ಹುಡುಗಿಯಾಗಿದ್ದಾಗ ಅವಳ ಅಪ್ಪ ಹೊಟ್ಟೆನೋವೆಂದು ಆಸ್ಪತ್ರೆ ಸೇರಿದರು. ಬಂದ ವೈದ್ಯರೆಲ್ಲ ಮಂಚದ ಕಾಲ ಬಳಿ ನಿಂತು ತಮ್ಮತಮ್ಮಲ್ಲೇ ಮಾತಾಡಿಕೊಂಡು ಹೋದರು. ಕೊನೆಗೆ ಬಂದ ಎಳೆವಯಸ್ಸಿನ ವೈದ್ಯೆಯೊಬ್ಬಳು ಮಾತ್ರ ಮಂಚದ ಅಂಚಿನಲ್ಲಿ ಕೂತು, ತನ್ನದೇ ಅಂಗೈ ಮೇಲೆ ಪೆನ್ನಿನಿಂದ ಕರುಳು ಬರೆದು, ಎಲ್ಲಿ ಕೊಯ್ಯುತ್ತೇವೆ, ಯಾಕೆ ಕೊಯ್ಯುತ್ತೇವೆ ಎಂದು ನಮ್ಮ ಯಜಮಾನರಿಗೂ ಅವರ ಪಕ್ಕದಲ್ಲಿ ಬೆದರಿ ನಿಂತಿದ್ದ ನಮ್ಮ ಹುಡುಗಿಗೂ ಬಿಡಿಸಿ ಹೇಳಿದಳು. ಆವತ್ತಿನಿಂದ ಮಗಳಿಗೆ ಬೇರೆ ಯೋಚನೆಯೇ ಇರಲಿಲ್ಲ. ಇದು ತಮ್ಮ ಪುಸ್ತಿಕೆಯ ಯಾವ ಪುಟದಲ್ಲೂ ಅರ್ಹತೆಯೆಂದು ಸೇರಿಲ್ಲ ಎಂಬುದು ನನಗೆ ಗೊತ್ತಿದೆ; ಹಿನ್ನೆಲೆಗಾಗಿ ಮಾತ್ರ ನಿವೇದಿಸಿದ್ದೇನೆ.

ಅವಳು ಶಾಲೆ ಮುಗಿಸುವ ಕಾಲಕ್ಕೆ ತಮ್ಮ ಬಾಗಿಲು ಒಂದೇ ಇತ್ತು, ಕೊನೆಯ ಪರೀಕ್ಷೆಯ ಅಂಕ. ನನ್ನ ಕೆಲಸದ ಮೇಜಿನ ಇನ್ನೊಂದು ತುದಿಯಲ್ಲಿ, ಪ್ಲಾಸ್ಟರಿನ ಪುಡಿ ಕೂತ ಪುಸ್ತಕಗಳನ್ನು ಊದಿ ಊದಿ ಅವಳು ಓದಿದಳು. ಅಂಕವೂ ಬಂತು, ಬೀದಿಯವರೆಲ್ಲ ಆಗಲೇ ಅವಳನ್ನು ಡಾಕ್ಟ್ರಮ್ಮ ಎಂದು ಕರೆದು, ಮಂಡಿನೋವಿಗೆ ಏನು ಮಾಡಬೇಕೆಂದು ಕೇಳತೊಡಗಿದರು. ಅಷ್ಟರಲ್ಲಿ ತಾವು ಪತ್ರಕರ್ತರನ್ನು ಕರೆದು, ಅಂಕವು ನೆನಪಿನ ಅಳತೆಯೇ ಹೊರತು ಬುದ್ಧಿಯದ್ದಲ್ಲ, ಗಿಳಿಗಳು ವೈದ್ಯರಾಗುವುದು ದೇಶಕ್ಕೆ ಕ್ಷೇಮವಲ್ಲ, ಆದ್ದರಿಂದ ಈ ವರ್ಷದಿಂದಲೇ ಬುದ್ಧಿಯ ಚುರುಕನ್ನು ಅಳೆಯುವ ಹೊಸ ಪರೀಕ್ಷೆಯೆಂದು ಸಾರಿದಿರಿ. ಹದಿನೆಂಟು ವರ್ಷ ಅನ್ನ ಹಾಕಿ ಸಾಕಿದ್ದು ಗಿಳಿಯನ್ನು ಎಂದು ನಮಗೆ ತಿಳಿದದ್ದು ಆಗಲೇ. ತಡವಾಗಿಯಾದರೂ ತಿಳಿಸಿದ್ದಕ್ಕೆ ಧನ್ಯವಾದಗಳು.

ಹೊಸ ಪರೀಕ್ಷೆಯಲ್ಲಿ ದೇಹವಿರಲಿಲ್ಲ, ರೋಗವಿರಲಿಲ್ಲ. ತ್ರಿಕೋನಗಳೂ ವೃತ್ತಗಳೂ ಇದ್ದವು. ಕಪ್ಪು ತ್ರಿಕೋನ ಮಗ್ಗುಲು ಬದಲಿಸಿದ ಮೇಲೆ ಬಿಳಿ ವೃತ್ತ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ್ದರಂತೆ. ಮಗಳಿಗೆ ಗೊತ್ತಾಗಲಿಲ್ಲ. ಕೂದಲೆಳೆಯಲ್ಲಿ ಸೀಟು ಹೋಯಿತು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ನಮ್ಮ ಕಸುಬಿನವರ ಹೊಟ್ಟೆ ತುಂಬಿಸುವ ಗಾದೆ. ಅದೇ ನಮ್ಮ ಮನೆಯ ಹಣೆಬರಹವೂ ಆಗಬಹುದೆಂದು ಎಣಿಸಿರಲಿಲ್ಲ.

ಮಾರನೇ ವರ್ಷ ಅವಳನ್ನು ತರಬೇತಿಗೆ ಸೇರಿಸಿದೆವು. ಕಲಿಸುವವರನ್ನು ಊರೆಲ್ಲ ತ್ರಿಕೋನ ಮೇಷ್ಟ್ರು ಎಂದೇ ಕರೆಯುತ್ತಿತ್ತು. ಚುರುಕು ಬುದ್ಧಿಯ ಪರೀಕ್ಷೆಗೆ ಅವರು ಮೊದಲ ದಿನ ಹೇಳಿಕೊಟ್ಟ ಮೊದಲ ಪಾಠ ಇದು: "ಯೋಚನೆ ಮಾಡಬೇಡಿ. ಯೋಚನೆ ಮಾಡಿದ್ರೆ ಟೈಮು ಹೋಗುತ್ತೆ." ಮಗಳು ಯೋಚಿಸುವುದನ್ನು ಬಿಟ್ಟಳು. ಆಕಾರಗಳು ಕೈವಶವಾದವು. ಊಟಕ್ಕೆ ಕೂತರೆ ತಟ್ಟೆಯನ್ನು ಕಾಲು ಸುತ್ತು ತಿರುಗಿಸಿ, ಲೋಟ ಎಲ್ಲಿರಬೇಕೆಂದು ಹೇಳುವಷ್ಟು ಪಳಗಿದಳು. ನಮ್ಮ ಯಜಮಾನರು ಬಸ್ಸು ಓಡಿಸುವವರು, ಮಾತು ಕಡಿಮೆ. ಅವರೂ ಒಂದು ದಿನ ತಡೆಯಲಾರದೆ, ಈ ತ್ರಿಕೋನಕ್ಕೆ ಬಂದಿರುವ ಕಾಯಿಲೆಯಾದರೂ ಯಾವುದು ಎಂದು ಕೇಳಿದರು.

ಅವಳು ಹೀಗೆ ಸಿದ್ಧಳಾಗುವ ಹೊತ್ತಿಗೆ, ತ್ರಿಕೋನಗಳನ್ನು ಬಾಯಿಪಾಠ ಮಾಡಿಸಬಹುದು ಎಂಬ ಸಂಗತಿ ತಮಗೆ ಹೊಳೆಯಿತು. ಬಹುಶಃ ಮೇಷ್ಟ್ರು ಕಟ್ಟಿಸಿದ ಎರಡನೇ ಮಹಡಿ ತಮ್ಮ ಕಚೇರಿಯ ಕಿಟಕಿಗೆ ಕಂಡಿರಬೇಕು. ವೈದ್ಯರಿಗೆ ಬೇಕಾದ್ದು ಮನುಷ್ಯತ್ವ ಎಂದು ತಾವು ಕಂಡುಹಿಡಿದಿರಿ. ಈ ಆವಿಷ್ಕಾರಕ್ಕಾಗಿ ಮೂರು ಸಮಿತಿಗಳನ್ನು ಕೂರಿಸಬೇಕಾಯಿತೆಂದು ಓದಿ ಬೆರಗಾದೆ. ನಮ್ಮ ಬೀದಿಯ ಮಂಡಿನೋವಿನವರಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಅಂತೂ ಆ ವರ್ಷದಿಂದ ಕೋಣೆಯಿಂದ ಕೋಣೆಗೆ ಹೋಗುವ ಸಂದರ್ಶನ ಬಂತು. ಪ್ರತಿ ಕೋಣೆಯ ಬಾಗಿಲಿಗೆ ಒಂದು ಸಂದರ್ಭ ಬರೆದ ಚೀಟಿ, ಒಳಗೆ ರೋಗಿಯ ಅಥವಾ ಅವರ ಮನೆಯವರ ವೇಷದಲ್ಲಿ ಒಬ್ಬ ನಟ, ಮೂಲೆಯಲ್ಲಿ ಅಂಕ ಹಾಕುವ ಪರೀಕ್ಷಕರು, ಗಂಟೆ ಹೊಡೆದರೆ ಮುಂದಿನ ಕೋಣೆ. ತ್ರಿಕೋನ ಮೇಷ್ಟ್ರು ರಾತ್ರಿ ಬೆಳಗಾಗುವುದರೊಳಗೆ ಅನುಕಂಪ ಮೇಷ್ಟ್ರಾಗಿ, ಕತ್ತನ್ನು ಎಷ್ಟು ಓರೆ ಮಾಡಿದರೆ ಕರುಣೆ ಹುಟ್ಟುತ್ತದೆ ಎಂದು ಕಲಿಸತೊಡಗಿದರು. ಮಗಳು ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದಳು. ಕೊಡೆಯನ್ನು ಬಸ್ಸಿನಲ್ಲೇ ಮರೆತು ಬಂದ ಅವಳ ಅಪ್ಪನ ಮುಂದೆ ಕೂತು, ಅವರ ನೋವು ತನಗೆ ಅರ್ಥವಾಗುತ್ತದೆಂದು ತಗ್ಗಿದ ದನಿಯಲ್ಲಿ ಹೇಳಿದಳು. ಅವರು ಎದ್ದು ಹೊರಗೆ ಹೋದರು.

ಇನ್ನು ಸಂದರ್ಶನದ ದಿನದ ಸಂಗತಿ. ನಾಲ್ಕನೆಯ ಕೋಣೆಯ ಚೀಟಿಯಲ್ಲಿ, ಒಳಗಿರುವವರ ಹೆಂಡತಿ ಶಸ್ತ್ರಚಿಕಿತ್ಸೆಯಲ್ಲಿ ತೀರಿಕೊಂಡಿದ್ದಾರೆ, ಸುದ್ದಿಯನ್ನು ಅವರಿಗೆ ತಿಳಿಸಬೇಕು ಎಂದಿತ್ತು. ಒಳಗೆ ವಯಸ್ಸಾದ ರಂಗನಟರೊಬ್ಬರು ಕೂತಿದ್ದರು. ಬೆಳಗಿನಿಂದ ಅವರ ಹೆಂಡತಿ ಅದೆಷ್ಟು ಅಭ್ಯರ್ಥಿಗಳ ಬಾಯಲ್ಲಿ ಸತ್ತಿದ್ದಳೋ. ಫ್ಯಾನು ತಿರುಗುತ್ತಿದ್ದರೂ ಅವರ ಹಣೆಯಲ್ಲಿ ಬೆವರು ಹರಿಯುತ್ತಿತ್ತು, ಬೆರಳು ನಡುಗುತ್ತಿತ್ತು. ಎಂಥ ನಟನೆ ಎಂದು ಮಗಳು ಮೊದಲು ಮೆಚ್ಚಿಕೊಂಡಳಂತೆ. ಆದರೆ ಅವರು ಹೆಂಡತಿಯನ್ನು ಕೇಳುವ ಬದಲು, ತೊದಲುತ್ತಾ, ಬಸ್ಸು ಬಂತಾ ಎಂದು ಕೇಳಿದಾಗ ಅವಳಿಗೆ ದಿಗಿಲಾಯಿತು. ನಮ್ಮತ್ತೆಯವರಿಗೆ ಸಕ್ಕರೆ ಕಾಯಿಲೆ. ಗುಳಿಗೆ ನುಂಗಿ ಊಟ ತಡವಾದರೆ ಅವರೂ ಹೀಗೇ ಆಗುವುದನ್ನು ಅವಳು ಚಿಕ್ಕಂದಿನಿಂದ ನೋಡಿದವಳು.

"ಬೆಳಗ್ಗೆಯಿಂದ ಏನಾದ್ರೂ ತಿಂದಿದೀರಾ?" ಎಂದಳು.

"ಇಲ್ಲಮ್ಮ," ಎಂದರು ಅವರು. "ಬಿಡುವೇ ಕೊಡಲಿಲ್ಲ."

ಮಗಳು ಮೂಲೆಯಲ್ಲಿದ್ದ ಪರೀಕ್ಷಕರ ಕಡೆ ತಿರುಗಿ, ಇವರಿಗೆ ಸಕ್ಕರೆ ಇಳಿದಿರುವಂತಿದೆ ಎಂದಾಗ, ಅವರು ಕಾಗದದಿಂದ ತಲೆಯೆತ್ತದೆಯೇ, ಪರೀಕ್ಷಕರ ಜೊತೆ ಮಾತಾಡುವಂತಿಲ್ಲ ಎಂದು ನಿಯಮ ನೆನಪಿಸಿದರು. ಅವಳು ಹೊರಗೋಡಿ, ಪಡಸಾಲೆಯಲ್ಲಿ ಪರೀಕ್ಷಕರ ಚಹಾಕ್ಕೆಂದು ಇಟ್ಟಿದ್ದ ಸಕ್ಕರೆಯನ್ನು ನೀರಿಗೆ ಕಲಸಿ ತಂದು, ನಟರ ಗಲ್ಲ ಹಿಡಿದು ಗುಟುಕು ಗುಟುಕಾಗಿ ಕುಡಿಸಿದಳು. ಗಂಟೆ ಹೊಡೆಯಿತು. ಅವಳು ಏಳಲಿಲ್ಲ. ಅವರ ಕೈ ಹಿಡಿದುಕೊಂಡು, ಮುಖಕ್ಕೆ ಕಳೆ ಬರುವವರೆಗೂ ಕೂತಳು. ಕಣ್ಣು ತಿಳಿಯಾದ ಮೇಲೆ ಆ ದೊಡ್ಡ ಮನುಷ್ಯರು ಆಡಿದ ಮೊದಲ ಮಾತು ಇದು: "ನನ್ನ ಹೆಂಡತಿ ಸತ್ತಿದ್ದು ಹೇಳಿಬಿಡಮ್ಮ, ಮಾರ್ಕು ಇರೋದು ಅದಕ್ಕೇ."

ಹೇಳಿದಳು. ಹೊತ್ತು ಮೀರಿತ್ತು.

ಆ ಕೋಣೆಯಲ್ಲಿ ಅವಳಿಗೆ ಸೊನ್ನೆ ಬಂತು. ಅಭ್ಯರ್ಥಿಯು ನಿಗದಿತ ಅವಧಿಯಲ್ಲಿ ಮರಣವಾರ್ತೆ ತಿಳಿಸಲು ವಿಫಲರಾದರು, ಅನುಮತಿಯಿಲ್ಲದೆ ಕೋಣೆ ಬಿಟ್ಟರು, ಪರೀಕ್ಷಕರ ಸಕ್ಕರೆ ಬಳಸಿದರು ಎಂದು ಷರಾ. ಷರಾದ ಪ್ರಾಮಾಣಿಕತೆಗೆ ತಲೆಬಾಗುತ್ತೇನೆ, ಒಂದಕ್ಷರವೂ ಸುಳ್ಳಲ್ಲ. ಆ ಸೊನ್ನೆಯಿಂದ ಸೀಟು ಮತ್ತೆ ತಪ್ಪಿತು. ನಾನು ಕೆಲಸ ಬಿಟ್ಟು ತಮ್ಮ ಕಚೇರಿಗೆ ಬಂದೆ. ಗಾಜಿನ ಕಿಂಡಿಯ ಹಿಂದಿದ್ದ ಗುಮಾಸ್ತರು ಬಹಳ ಸಜ್ಜನರು. ನನ್ನ ಮಾತನ್ನೆಲ್ಲ ಕೇಳಿ, ಮರುಕದಿಂದಲೇ ಉತ್ತರ ಕೊಟ್ಟರು. "ಅದು ನಿಜವಾದ ಕಾಯಿಲೆ ಅಮ್ಮ. ಪರೀಕ್ಷೆಗೆ ಸಂಬಂಧ ಇಲ್ಲ."

ಈ ವಾಕ್ಯವನ್ನು ತಮ್ಮ ಹೆಬ್ಬಾಗಿಲ ಮೇಲೆ ಕಲ್ಲಿನಲ್ಲಿ ಕೊರೆಸಬೇಕೆಂಬುದು ನನ್ನ ಪ್ರಾರ್ಥನೆ. ನಟರೂ ತಾವಾಗಿಯೇ ನಡೆದದ್ದನ್ನು ಬರೆದು ತಮಗೆ ಕಳಿಸಿದರು. ನಟಿಸುವುದೇ ಅವರ ವೃತ್ತಿಯಾದ್ದರಿಂದ ಅವರ ಸಾಕ್ಷ್ಯವನ್ನು ಪರಿಗಣಿಸಲಾಗದೆಂದು ತಾವು ಉತ್ತರಿಸಿದಿರಿ. ಪರೀಕ್ಷೆಗೆ ಅವರ ಸುಳ್ಳು ನಡೆಯುತ್ತದೆ, ಮನವಿಗೆ ಅವರ ನಿಜ ನಡೆಯುವುದಿಲ್ಲ. ಇಷ್ಟು ನಾಜೂಕಾದ ನ್ಯಾಯ ನನ್ನಂಥವಳ ತಲೆಗೆ ಹೊಳೆಯುತ್ತಿರಲಿಲ್ಲ.

ಆಮೇಲೆ ಮಗಳು ನಗುವುದನ್ನೇ ಬಿಟ್ಟಳು. ಡಾಕ್ಟ್ರಮ್ಮ ಎನ್ನುವವರ ಕಣ್ಣು ತಪ್ಪಿಸಲು ಹಿಂದಿನ ಗಲ್ಲಿಯಿಂದ ಓಡಾಡಿದಳು. ಒಂದು ಸಂಜೆ ನಾನು ಮೇಣ ಕಾಯಿಸುತ್ತಿದ್ದಾಗ ಪಕ್ಕದಲ್ಲಿ ಬಂದು ನಿಂತು, "ಅಮ್ಮ, ಆವತ್ತು ನಾನು ಸುಮ್ಮನೆ ಕೂತು ಸುದ್ದಿ ಹೇಳಿಬಿಡಬೇಕಿತ್ತಾ?" ಎಂದು ಕೇಳಿದಳು.

ಮಾನ್ಯರೇ, ಇಲ್ಲಿಯವರೆಗಿನದ್ದನ್ನು ನಾನು ನಗುತ್ತಲೇ ಬರೆದಿದ್ದೇನೆ. ಇದನ್ನು ನಗುತ್ತಾ ಬರೆಯಲು ಆಗುವುದಿಲ್ಲ. ಅಂಕ ಹೋಗಲಿ, ವರ್ಷಗಳು ಹೋಗಲಿ. ಕಣ್ಣೆದುರು ಬೆವರುವವನಿಗೆ ನೀರು ಕೊಟ್ಟದ್ದು ತಪ್ಪೇನೋ ಎಂಬ ಅನುಮಾನವನ್ನು ನನ್ನ ಮಗಳ ಮನಸ್ಸಿನಲ್ಲಿ ಬಿತ್ತಿದಿರಲ್ಲ, ಆ ಕೆಲಸ ಮಾಡಲು ಬೇರೆ ಯಾರಿಂದಲೂ ಆಗಿರಲಿಲ್ಲ. ನಾನು ಬೆಂಕಿ ಆರಿಸಿ, ಇಲ್ಲ ಕಣೇ ಎಂದೆ. ನಂಬಿದಳೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.

ಮರುವರ್ಷ ತಮ್ಮ ಹೊಸ ಪುಸ್ತಿಕೆ ಬಂತು. ಅದರಲ್ಲಿ ಮಾದರಿ ಸಂದರ್ಭವೊಂದಿತ್ತು: ನಟನು ಬೆವರುವನು, ತೊದಲುವನು, ಅಭ್ಯರ್ಥಿಯು ಊಟವಾಯಿತೇ ಎಂದು ವಿಚಾರಿಸಿ ಸಕ್ಕರೆ ನೀರು ಕೊಡತಕ್ಕದ್ದು, ಪೂರ್ಣ ಅಂಕ. ಅನುಕಂಪ ಮೇಷ್ಟ್ರು ಮೂರನೇ ಮಹಡಿಗೆ ಕಂಬ ಎಬ್ಬಿಸಿದರು. ಊರಿನ ಹುಡುಗ ಹುಡುಗಿಯರೆಲ್ಲ ಜೇಬಿನಲ್ಲಿ ಸಕ್ಕರೆಯ ಪೊಟ್ಟಣ ಇಟ್ಟುಕೊಂಡು ತಿರುಗತೊಡಗಿದರು. ಬಸ್‌ ನಿಲ್ದಾಣದಲ್ಲಿ ಬಿಸಿಲಿಗೆ ಹಣೆ ಒರೆಸಿಕೊಂಡ ನನ್ನನ್ನು ಇಬ್ಬರು ಮುತ್ತಿ, ಕತ್ತು ಓರೆ ಮಾಡಿ, ಊಟವಾಯಿತೇ ಎಂದು ವಿಚಾರಿಸಿದರು. ಪುಸ್ತಿಕೆಯನ್ನು ಮಗಳಿಗೆ ಕೊಟ್ಟೆ. ಓದಿದಳು, ಮತ್ತೊಮ್ಮೆ ಓದಿದಳು, ಆಮೇಲೆ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಎಷ್ಟೋ ತಿಂಗಳ ಮೇಲೆ ಅವಳ ನಗು ಕೇಳಿ, ಅಡುಗೆಮನೆಯಲ್ಲಿದ್ದ ಅವಳಪ್ಪ ಗಾಬರಿಯಿಂದ ಓಡಿ ಬಂದರು.

ಅವಳು ಮತ್ತೆ ತಮ್ಮಲ್ಲಿ ಅರ್ಜಿ ಹಾಕಲಿಲ್ಲ. ನರ್ಸಿಂಗ್‌ ಶಾಲೆಗೆ ಸೇರಿದಳು. ಅಲ್ಲಿಯ ಹಿರಿಯ ಸಿಸ್ಟರು ಅವಳ ಅಂಕಪಟ್ಟಿ ನೋಡಿ, ಶೂಸು ನೋಡಿ, ದಿನವಿಡೀ ನಿಂತು ಕೆಲಸ ಮಾಡಬೇಕಾಗುತ್ತದೆ, ಈ ಶೂಸು ಆಗುವುದಿಲ್ಲ, ಬೇರೆ ತಗೋ ಎಂದರಂತೆ. ಸಂದರ್ಶನ ಮುಗಿಯಿತು. ಈಗ ವಾರ್ಡಿನಲ್ಲಿದ್ದಾಳೆ, ಸುಸ್ತಾಗಿ ಬರುತ್ತಾಳೆ, ರೋಗಿಗಳ ಕತೆ ಹೇಳುತ್ತಾ ಊಟ ಮಾಡುತ್ತಾಳೆ. ಸುಖವಾಗಿದ್ದಾಳೆಂದು ಬರೆದರೆ ತಾವು ಅದನ್ನೂ ತಮ್ಮ ಸಾಧನೆಗಳಿಗೆ ಸೇರಿಸಿಕೊಳ್ಳುತ್ತೀರಿ. ಆದ್ದರಿಂದ, ದೊಡ್ಡ ವೈದ್ಯರು ಸುತ್ತು ಬಂದಾಗ ಎಳೆಯ ವೈದ್ಯರಿಗೆ ಅವರು ಹಾಕುವ ಪ್ರಶ್ನೆಗೆ ಉತ್ತರ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ನಿಲ್ಲುತ್ತಾಳೆ ಎಂಬುದನ್ನೂ ಬರೆಯುತ್ತಿದ್ದೇನೆ.

ಈ ತಿಂಗಳು ತಾವು, ವಾರ್ಡಿನಲ್ಲಿ ಕೆಲವು ವರ್ಷ ದುಡಿದ ನರ್ಸುಗಳಿಗಾಗಿ ಸೇತುವೆ ಮಾರ್ಗ ಎಂಬ ಹೊಸ ದಾರಿ ತೆರೆದಿರುವುದನ್ನು ಓದಿದೆ. ಮಗಳಿಗೆ ತೋರಿಸಿ, ಹಾಕುತ್ತೀಯಾ ಎಂದೆ. "ನಾನು ಹತ್ತೋ ಹೊತ್ತಿಗೆ ಆ ಸೇತುವೆನ ಬಿಚ್ಚಿರ್ತಾರೆ ಅಮ್ಮ," ಎಂದು ಹೇಳಿ ಸಮವಸ್ತ್ರಕ್ಕೆ ಇಸ್ತ್ರಿ ಹಾಕಲು ಹೋದಳು.

ಆದ ಕಾರಣ ನನ್ನ ಬಿನ್ನಹವಿಷ್ಟೆ. ತಮ್ಮ ಸ್ಥಾನಗಳಿಗೂ ವರ್ಷಕ್ಕೊಮ್ಮೆ ಹೊಸ ದಾರಿಯಿಂದಲೇ ಪ್ರವೇಶವಾಗಲಿ. ಒಂದು ವರ್ಷ ತಾವು ತ್ರಿಕೋನ ತಿರುಗಿಸಿ, ಇನ್ನೊಂದು ವರ್ಷ ನಟನೊಬ್ಬನ ಮುಂದೆ ಕತ್ತು ಓರೆ ಮಾಡಿ, ಮಗದೊಂದು ವರ್ಷ ಇದಾವುದೂ ಲೆಕ್ಕಕ್ಕಿಲ್ಲವೆಂದು ಕಚೇರಿಯ ಮೆಟ್ಟಿಲ ಮೇಲೆ ತಿಳಿದುಕೊಳ್ಳಿ. ಅದಾಗದಿದ್ದರೆ ದೇಶದ ಕಾಯಿಲೆಗಳಿಗಾದರೂ ಒಂದು ಸುತ್ತೋಲೆ ಕಳಿಸಿ, ತಾವು ಯಾವುದಾದರೂ ಒಂದು ಬಾಗಿಲಿಗೆ ಮನಸ್ಸು ನಿಲ್ಲಿಸುವವರೆಗೂ ಯಾರನ್ನೂ ಮುಟ್ಟದಂತೆ ಅಪ್ಪಣೆ ಮಾಡಿ. ಅವು ತಮ್ಮಷ್ಟು ಹಟದವಲ್ಲ, ಕೇಳಬಹುದು.

ಸದ್ಯ ಜಾರಿಯಲ್ಲಿರುವ ನಿಯಮಗಳಿಗೆ ಒಳಪಟ್ಟು,
ತಮ್ಮ ವಿಶ್ವಾಸಿ,
ಮಾಜಿ ಅಭ್ಯರ್ಥಿಯೊಬ್ಬಳ ತಾಯಿ

ವಿ.ಸೂ.: ಅಂಚೆಗೆ ಹಾಕುವ ಮುಂಚೆ ಈ ಪತ್ರವನ್ನು ಮಗಳಿಗೆ ಓದಲು ಕೊಟ್ಟೆ. ಅಧ್ಯಕ್ಷರಿಗೆ ವಯಸ್ಸಾಗಿರಬಹುದು, ರಕ್ತದೊತ್ತಡ ಇದ್ದರೂ ಇರಬಹುದು, ಇಷ್ಟು ಖಾರ ಬೇಡ, ಸ್ವಲ್ಪ ತಗ್ಗಿಸಮ್ಮ ಎಂದಳು. ತಾವು ಈಗ ಓದಿದ್ದು ತಗ್ಗಿಸಿದ ಮೇಲಿನ ಪ್ರತಿ. ಮೊದಲಿನದು ಬೇಕಿದ್ದಲ್ಲಿ ನಿಗದಿತ ನಮೂನೆಯಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ನಮೂನೆಯನ್ನು ನಾನು ಇನ್ನೂ ಬದಲಿಸುತ್ತಿದ್ದೇನೆ.