ಚಿಕ್ಕಬೈರಪ್ಪನವರ ಕೆಂಪು ಮುಖ

"ಮೂರು ಎಕರೆ ರಾಗಿ ಹೊಲಾನೇ ಲೇಔಟಿಗೆ ಬಿಟ್ಕೊಟ್ಟೋನು ಕಣೇ ನಾನು. ಒಂದು ಉಪ್ಪಿನಕಾಯಿ ಬಿಡಕ್ಕಾಗಲ್ವಾ?"

ಸುದ್ದಗುಂಟೆಪಾಳ್ಯದ ಚಿಕ್ಕಬೈರಪ್ಪನವರು ಕ್ಲಿನಿಕ್ಕಿನ ಮೆಟ್ಟಿಲ ಮೇಲೇ ಹೆಂಡತಿಯ ಎದುರು ಈ ಭೀಷ್ಮಪ್ರತಿಜ್ಞೆ ಮಾಡಿದರು. ಹುಳಿ ಹಿಡಿಸಿ ಕಾಪಿಟ್ಟ ತಿನಿಸುಗಳಲ್ಲಿರುವ ಹಿಸ್ಟಮಿನ್ ಅನ್ನುವುದು ಅವರ ಮೈಗೆ ಒಗ್ಗುವುದಿಲ್ಲವಂತೆ. ಉಪ್ಪಿನಕಾಯಿ, ವಿನೆಗರ್, ಸಾಸು ಯಾವುದು ನಾಲಿಗೆಗೆ ತಗುಲಿದರೂ ಸ್ವಲ್ಪ ಹೊತ್ತಿಗೇ ಮುಖ ಕೆಂಪೇರಿ, ಮೂಗು ಸೋರಿ, ಮೈಯೆಲ್ಲ ತುರಿಕೆ! ಸೊಣ್ಣಮ್ಮ ಅಂದೇ ಮನೆಯ ಜಾಡಿಗಳನ್ನೆಲ್ಲ ತಂಗಿಯ ಮನೆಗೆ ಸಾಗಿಸಿದರು. ಗಂಡನ ಪ್ರತಿಜ್ಞೆಯ ಮೇಲೆ ಅವರಿಗೆ ಅಷ್ಟು ನಂಬಿಕೆ!

ಹದಿನೈದು ದಿನ ಸೋರೆಕಾಯಿ ಪಲ್ಯದಲ್ಲೇ ಕಳೆಯಿತು. ಆಮೇಲೆ ಮಗಳು ಅರ್ಪಿತಳ ಮದುವೆ ಮಾತುಕತೆಗೆಂದು ಗಂಡಹೆಂಡತಿ ಸಿದ್ದಾಪುರದ ಶಶಿಧರ್ ಮನೆಗೆ ಊಟಕ್ಕೆ ಹೋದರು. ಅವರ ಮಗ ಮನುವಿಗೆ ಅರ್ಪಿತ ಒಪ್ಪಿಗೆಯಾಗಿದ್ದಳು. ಸೊಸೆ ಕೆಲಸ ಬಿಡಬೇಕು ಅನ್ನುವುದು ಮಾತ್ರ ಶಶಿಧರ್ ಹಟ. ಅರ್ಪಿತಳಿಗೆ ಕೆಲಸವೇ ಜೀವ. ಧೈರ್ಯವಾಗಿ ಮಾತಾಡಿ, ಆದರೆ ಉಪ್ಪಿನಕಾಯಿ ಮುಟ್ಟಬೇಡಿ ಎಂದು ಸೊಣ್ಣಮ್ಮ ದಾರಿಯುದ್ದಕ್ಕೂ ಹೇಳಿದರು.

ಗಂಡಸರಿಗೆ ಮೊದಲ ಪಂಕ್ತಿ. ಹೆಂಗಸರೆಲ್ಲ ಅಡುಗೆಮನೆಯಲ್ಲಿದ್ದರು. ಬಾಳೆಲೆಯ ತುದಿಗೆ ಮಾವಿನಕಾಯಿ ಹೋಳೊಂದು ಬಂದು ಕೂತಿತು, ಎಣ್ಣೆ ಸುರಿಸುತ್ತಾ. ಚಿಕ್ಕಬೈರಪ್ಪನವರು ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಒಂದೇ ಹೋಳು ತಾನೇ ಅಂದುಕೊಂಡರು. ಆಮೇಲೆ ಇನ್ನೆರಡು ಸಲ ಕೇಳಿ ಹಾಕಿಸಿಕೊಂಡರು.

ಊಟ ಮುಗಿದು ಎಲೆ ಅಡಿಕೆಯ ತಟ್ಟೆ ಬರುವ ಹೊತ್ತಿಗೆ ಶಶಿಧರ್ ಸೊಸೆಯ ಕೆಲಸದ ಮಾತು ತೆಗೆದರು. ಅಷ್ಟರಲ್ಲಿ ಚಿಕ್ಕಬೈರಪ್ಪನವರ ಮುಖ ಕೆಂಡವಾಗಿತ್ತು. ಮೂಗಿನಿಂದ ಬುಸುಬುಸು ಸದ್ದು. ತುರಿಕೆ ತಡೆಯಲು ಎರಡೂ ಮುಷ್ಟಿ ಬಿಗಿಹಿಡಿದಿದ್ದರು. ಬಾಯಿ ತೆರೆದರೆ ಸೀನು ಬರುವ ಭಯಕ್ಕೆ ಒಂದು ಮಾತೂ ಆಡಲಿಲ್ಲ. ಶಶಿಧರ್ ಆ ಮುಖ ನೋಡಿದರು, ಆ ಮುಷ್ಟಿ ನೋಡಿದರು, ಈಗಿನ ಕಾಲಕ್ಕೆ ಹುಡುಗಿಯರು ಕೆಲಸಕ್ಕೆ ಹೋಗುವುದೇ ಸರಿ ಎಂದುಬಿಟ್ಟರು.

ಆಟೋದಲ್ಲಿ ಸೊಣ್ಣಮ್ಮ ಗಂಡನನ್ನು ದಿಟ್ಟಿಸಿದರು.

"ಯಾಕ್ರೀ ಮುಖ ಹಿಂಗಾಗಿದೆ?"

"ಕೋಪ ಕಣೇ. ಮಗಳ ಕೆಲಸದ ತಂಟೆಗೆ ಬಂದ್ರೆ ಸುಮ್ನೆ ಬಿಡ್ತೀನಾ?"

ಮೂವತ್ತು ವರ್ಷದಲ್ಲಿ ಒಮ್ಮೆಯೂ ಗಂಡನ ಕೋಪ ಕಾಣದ ಸೊಣ್ಣಮ್ಮನಿಗೆ ಹೆಮ್ಮೆಯಿಂದ ಕಣ್ಣು ತುಂಬಿತು. ಸುದ್ದಿ ಕೇಳಿ ಅರ್ಪಿತ ಅಪ್ಪನನ್ನು ತಬ್ಬಿಕೊಂಡಳು. ಚಿಕ್ಕಬೈರಪ್ಪನವರು ಮೀಸೆ ತಿರುವಿದರು, ಅದೇ ನೆಪದಲ್ಲಿ ಮೂಗನ್ನೂ ಕೆರೆದುಕೊಂಡರು.

ಮರುದಿನ ಬೆಳಿಗ್ಗೆ ಮನು ಬಂದ, ದೊಡ್ಡದೊಂದು ಜಾಡಿಯನ್ನು ಎದೆಗವಚಿಕೊಂಡು.

"ಅಂಕಲ್ ಕೋಪ ಮಾಡ್ಕೊಂಡು ಹೋದ್ರು ಅಂತ ಅಪ್ಪಂಗೆ ಬೇಜಾರು, ಆಂಟಿ. ಉಪ್ಪಿನಕಾಯಿ ಮಾತ್ರ ಇಷ್ಟಪಟ್ಟು ಮೂರು ಸಲ ಹಾಕಿಸ್ಕೊಂಡ್ರಲ್ಲ, ಅದಕ್ಕೆ ಕಳಿಸಿದ್ರು."

ಸೊಣ್ಣಮ್ಮ ಭಾವೀ ಅಳಿಯನಿಗೆ ಕಾಫಿ ಕೊಟ್ಟು ನಗುನಗುತ್ತಾ ಕಳಿಸಿದರು. ಆಮೇಲೆ ಸ್ಟೂಲು ಹತ್ತಿ ಜಾಡಿಯನ್ನು ಅಟ್ಟದ ಮೇಲಿಟ್ಟರು. ಚಿಕ್ಕಬೈರಪ್ಪನವರು ಪೇಪರಿನ ಹಿಂದೆ ಅವಿತುಕೊಂಡು ಬೈಗುಳಕ್ಕೆ ಕಾದರು. ಬೈಗುಳ ಬರಲಿಲ್ಲ.

"ಛತ್ರದ ಖರ್ಚಿನ ಮಾತುಕತೆಗೆ ಹೋಗೋ ದಿನ ನಾನೇ ಒಂದು ಹೋಳು ಕೊಡ್ತೀನಿ" ಎಂದರು ಸೊಣ್ಣಮ್ಮ. "ಅಲ್ಲೀತಂಕ ಸೋರೇಕಾಯಿ."