ಮನೋಹರರಿಗೆ ಬಡಿದ ಬೆಳದಿಂಗಳು

"ಕಲಬುರಗಿ ಬಿಸಿಲಾಗ ಬೆಂದು ಗಟ್ಟಿ ಆದ ತಲಿ ಇದು! ಪುಣೆ ಬಿಸಿಲು ನನಗ ಬೆಳದಿಂಗಳು!"

ಏಪ್ರಿಲ್ ತಿಂಗಳ ಒಂದು ಮುಂಜಾನೆ ಧನಕವಡಿಯ ಫ್ಲ್ಯಾಟಿನ ಬಾಗಿಲಲ್ಲಿ ನಿಂತು ಮನೋಹರರು ಹೀಗೆ ಗರ್ಜಿಸಿದಾಗ, ಅವರ ಪತ್ನಿ ಶಿವಕಾಂತಾ ಕಚೇರಿಗೆ ಹೊರಡಲು ಹೂವಿನ ಸ್ಕಾರ್ಫನ್ನು ತಲೆಯಿಂದ ಕತ್ತಿನವರೆಗೆ ಸುತ್ತಿಕೊಳ್ಳುತ್ತಿದ್ದರು. ಮೇಲೆ ಕಪ್ಪು ಕನ್ನಡಕ, ಮೈಗೆ ಬಿಳಿ ಸನ್‌ಕೋಟು, ಕೈಗೆ ಗವಸು. ಬೇಸಿಗೆಯಲ್ಲಿ ಸ್ಕೂಟರ್ ಏರಿದ ಪುಣೆಯ ಹೆಣ್ಣನ್ನು ಸೂರ್ಯನಾಗಲಿ, ಸ್ವಂತ ಗಂಡನಾಗಲಿ ಗುರುತಿಸಲಾರ.

"ದರೋಡಿಗೆ ಹೊಂಟೀಯೇನ?"

"ನಗ್ರಿ, ನಗ್ರಿ. ನೀವೂ ಒಂದಿನ ಕಟ್ಟಿಕೋತೀರಿ."

"ನಾನು? ಜೂನಿನ ಮಿರಗದ ಮಳಿ ಬೀಳೋ ತನಕ ಈ ತಲಿ ಮ್ಯಾಲ ಒಂದು ಚಿಂದಿ ಬಿದ್ರೂ, ಈ ವರ್ಷದ ಹಪ್ಪಳಾ ಎಲ್ಲಾ ಗಚ್ಚಿ ಮ್ಯಾಲ ಬಿಸಿಲಾಗ ನಾನೇ ಒಣಗಸ್ತೀನಿ!"

"ನಾ ಸಾಕ್ಷಿ ಅದೀನ್ರಿ ಸರ್!" ಮೇಲಿನ ಮನೆಯ ಅಂಬಾಬಾಯಿ ಮೆಟ್ಟಿಲ ಮೇಲಿಂದಲೇ ಮೊಹರು ಒತ್ತಿದರು.

ಹದಿನೆಂಟು ದಿನ ಪ್ರತಿಜ್ಞೆ ಅಚಲವಾಗಿ ನಿಂತಿತು! ಸದಾಶಿವ ಪೇಠದ ಕೋಚಿಂಗ್ ಕ್ಲಾಸಿನಲ್ಲಿ ಗಣಿತ ಕಲಿಸುವ ಮನೋಹರರು ಬರಿದಲೆಯಲ್ಲೇ ಹೋಗಿ ಬರಿದಲೆಯಲ್ಲೇ ಬಂದರು. ಬಾಟಲಿಯ ನೀರು ಏಕೋ ಸಿಹಿಯೆನಿಸಿತು, ಆತ್ಮಬಲದ ಫಲವೆಂದುಕೊಂಡರು. ತಗಡಿನ ಮಾಡಿನ ಕೋಣೆಯಿಂದ ಅವರ ತರಗತಿ ಏಸಿ ಕೋಣೆಗೆ ಬಡ್ತಿ ಪಡೆಯಿತು. ಹಿರಿತನಕ್ಕೆ ಸಂದ ಗೌರವವೆಂದರು. ಬ್ಯಾಗಿನಿಂದ ಒಂದು ಘಾಟು ಹೊಮ್ಮುತ್ತಿತ್ತು; ಅದನ್ನು ವಿದ್ಯಾರ್ಥಿಗಳ ಡಬ್ಬಿಯ ಮೇಲೆ ಹೊರಿಸಿದರು.

ಹತ್ತೊಂಬತ್ತನೆಯ ದಿನ ಶನಿವಾರ. ಅವರ ಸ್ಕೂಟರ್ ಗ್ಯಾರೇಜಿನಲ್ಲಿತ್ತು, ಹೆಂಡತಿಗೆ ರಜೆ. ಆಕೆಯ ಸ್ಕೂಟರಿನಲ್ಲಿ ಹೋಗಿದ್ದ ಮನೋಹರರು ಮರಳುವಾಗ ಮಧ್ಯಾಹ್ನ ಎರಡು ಗಂಟೆಗೆ ಸ್ವಾರಗೇಟಿನ ಸಿಗ್ನಲ್ಲಿನಲ್ಲಿ ಸಿಕ್ಕಿಬಿದ್ದರು. ಕೆಂಪು ಅಂಕಿ ನೂರಾ ನಲವತ್ತರಿಂದ ಇಳಿಯತೊಡಗಿತು. ಮೇಲೆ ಸೂರ್ಯ, ಕೆಳಗೆ ಕುದಿಯುವ ಡಾಂಬರು, ಎಡಕ್ಕೆ ಬಸ್ಸಿನ ಇಂಜಿನು, ಬಲಕ್ಕೆ ಕಾದ ಕಾಂಕ್ರೀಟಿನ ಕಂಬ! ಮನೋಹರರು ಹಂಚಿನ ಮೇಲಿನ ರೊಟ್ಟಿಯಾದರು. ಮಗುಚಿ ಹಾಕುವವರೂ ಇರಲಿಲ್ಲ. ಅಂಕಿ ಎರಡೆರಡಾಗಿ ಕಂಡಿತು.

ಸೀಟಿನ ಕೆಳಗೆ ಶಿವಕಾಂತಾಳ ಪೂರ್ಣ ಕವಚವಿತ್ತು!

'ಇಲ್ಲಿ ನನ್ನ ಗುರುತು ಯಾರಿಗಿದೆ?' ಸುತ್ತ ನೋಡಿದರು. ಕೋಟು ತೊಟ್ಟರು, ಗವಸು ಏರಿಸಿದರು, ಸ್ಕಾರ್ಫ್ ಸುತ್ತಿ ಕನ್ನಡಕ ಸಿಕ್ಕಿಸಿದರು. ಆಹಾ! ಇಷ್ಟು ವರ್ಷ ಹೆಂಗಸರು ಈ ಸುಖವನ್ನು ಗುಟ್ಟಾಗಿ ಅನುಭವಿಸುತ್ತಿದ್ದರೇ!

ಆಗ ಬಸ್ಸಿನ ಸಂದಿಯಲ್ಲಿ ನುಸುಳಿ ಇನ್ನೊಂದು ಮುಸುಕಿನ ಸ್ಕೂಟರ್ ಪಕ್ಕಕ್ಕೆ ಬಂದು ನಿಂತಿತು.

"ಏ ಶಿವಕಾಂತಾ! ಸುಟ್ಟಿ ದಿನಾ ಈ ಬಿಸಿಲಾಗ ಎಲ್ಲಿ ಹೋಗಿದ್ದಿ?"

ಅಂಬಾಬಾಯಿಯ ಧ್ವನಿ! ಮನೋಹರರ ಬೆವರು ಒಮ್ಮೆಲೇ ತಣ್ಣಗಾಯಿತು. ಸ್ಕೂಟರ್ ಶಿವಕಾಂತಾಳದು, ಸ್ಕಾರ್ಫೂ ಆಕೆಯದೇ; ಒಳಗಿನ ಮೀಸೆ ಮಾತ್ರ ಇವರದು. ಸುಮ್ಮನೆ ತಲೆಯಾಡಿಸಿದರು.

"ನಿಮ್ಮ ಸರ್‌ಗೆ ಇನ್ನೂ ಗೊತ್ತಾಗಿಲ್ಲೇನ? ನೀ ಬ್ಯಾಗಿನ ತಳದಾಗ ಉಳ್ಳಾಗಡ್ಡಿ ಇಡೋದು?"

ಉಳ್ಳಾಗಡ್ಡಿ! ಬಿಸಿಲು ಬಡಿಯದಿರಲೆಂದು ಅಜ್ಜಿಯರು ಜೇಬಿಗೆ ತುರುಕುವ ಈರುಳ್ಳಿ!

"ನೀರಿನಾಗ ಉಪ್ಪು-ಸಕ್ಕರಿ ಬೆರಸ್ತಿ, ಅದೂ ಪತ್ತೆ ಇಲ್ಲ! ಗಣಿತದ ಮಾಸ್ತರಂತ!"

ಮನೋಹರರ ಆತ್ಮಬಲ ಸ್ವಾರಗೇಟಿನ ನಡುರಸ್ತೆಯಲ್ಲಿ ಆವಿಯಾಯಿತು.

"ಆದ್ರೂ ಆ ಕ್ಲಾಸಿನ ಮಾಲಕನ ಹೆಂಡ್ತಿಗೆ ಫೋನ್ ಹಚ್ಚಿ ಏಸಿ ಖೋಲಿ ಕೊಡಸಿದ್ಯಲ್ಲ, ಅದು ಖರೇ ಬುದ್ಧಿವಂತಕಿ!"

ಹಿರಿತನವೂ ಹೋಯಿತು! ಮನೋಹರರು ಹ್ಯಾಂಡಲ್ ಗಟ್ಟಿಯಾಗಿ ಹಿಡಿದರು. ಅಂಕಿ ಇಪ್ಪತ್ತೆರಡು. ಇನ್ನಿಪ್ಪತ್ತೆರಡು ಸೆಕೆಂಡ್ ಮಾನ ಉಳಿದರೆ ಸಾಕು!

"ಯಾಕವ್ವಾ, ಮಾತಾಡವಲ್ಲಿ? ನಡಗಾಕತ್ತೀದಿ! ಅಯ್ಯ, ಬಿಸಿಲು ಬಡದದ ನಿನಗ! ತಡಿ, ಸರ್‌ಗೆ ಫೋನ್ ಹಚ್ಚತೀನಿ."

ಮನೋಹರರು ಬೇಡವೆಂದು ಎರಡೂ ಗವಸು ಬೀಸಿದರು. ಅಂಬಾಬಾಯಿಗೆ ಅದು ಫಿಟ್ಸಿನಂತೆ ಕಂಡಿತು. ಅಷ್ಟರಲ್ಲಿ ಬಿಳಿ ಕೋಟಿನೊಳಗಿಂದ ಮನೋಹರರ ಫೋನು ಗಂಟಲು ಹರಿಯುವಂತೆ ಬಡಿದುಕೊಂಡಿತು! ಅಂಬಾಬಾಯಿ ತಮ್ಮ ಫೋನು ನೋಡಿದರು, ಎದುರಿನ ಕೋಟು ನೋಡಿದರು, ಕೈಚಾಚಿ ಸ್ಕಾರ್ಫ್ ಜಗ್ಗಿದರು.

ಮೀಸೆ!

ಹಸಿರು ದೀಪ ಬಿತ್ತು. ಹಿಂದಿನ ಬಸ್ಸು ಹಾರ್ನ್ ಹೊಡೆಯಿತು. ಇಬ್ಬರೂ ಅಲುಗಲಿಲ್ಲ.

ಮನೋಹರರು ಮನೆ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಅವರು ನಿರೀಕ್ಷಿಸಿದ ನಗು ಮಾತ್ರ ಕೇಳಲಿಲ್ಲ. ಶಿವಕಾಂತಾ ಅವರ ಹಣೆ ಮುಟ್ಟಿ ನೋಡಿದರು, ಒಂದು ಲೋಟ ನೀರು ಕೊಟ್ಟರು. ಅದು ಸಿಹಿಯಾಗಿತ್ತು. ಮನೋಹರರು ಗುಟುಕರಿಸಿ ಮುಗಿಸುವವರೆಗೂ ಆಕೆ ಕಾದರು.

ಆಮೇಲೆ ಹಸಿ ಹಪ್ಪಳದ ಬುಟ್ಟಿಯನ್ನು ಮುಂದಿಟ್ಟು, ಅದರ ಮೇಲೆ ಹೂವಿನ ಸ್ಕಾರ್ಫನ್ನು ಮಡಿಚಿಟ್ಟು ಹೇಳಿದರು:

"ನಾಳಿಗೆ ಗಚ್ಚಿಗೆ ಹೋಗೋವಾಗ ಕಟ್ಟಿಕೊಂಡು ಹೋಗ್ರಿ. ಬೆಳದಿಂಗಳು ಭಾಳ ಅದ."