ಸುಲಂಬೇರದಲ್ಲಿ ಹನ್ನೆರಡು ದಿನ

ನಮ್ಮ ಮನೆಯಲ್ಲಿ ಯಾರಿಗೂ ಪಾಸ್‌ಪೋರ್ಟ್ ಇಲ್ಲ. ನಾನು ಕಣ್ಣಾರೆ ಕಂಡಿರುವ ಅತಿ ದೊಡ್ಡ ನೀರೆಂದರೆ ಹರಿಹರದ ಸೇತುವೆಯ ಮೇಲಿಂದ ಕಾಣುವ ಮಳೆಗಾಲದ ತುಂಗಭದ್ರೆ. ಹೀಗಿದ್ದೂ ನಮ್ಮ ಬಳಗದಲ್ಲಿ ನಾನು, ಗಂಡನ ಜೊತೆ ಸಮುದ್ರದ ನಡುವಿನ ದ್ವೀಪವೊಂದರಲ್ಲಿ ಹನ್ನೆರಡು ದಿನ ಇದ್ದು ಬಂದವಳೆಂದು ಹೆಸರುವಾಸಿ. ಸುಳ್ಳು ಹೇಳುವುದು ತಪ್ಪು ಎಂದು ಎಲ್ಲರಿಗೂ ಗೊತ್ತು. ಆದರೆ ಅದು ಎಷ್ಟು ಮೈಮುರಿಯುವ ಕೆಲಸ ಎಂದು ಗೊತ್ತಿರುವವರು ಕಡಿಮೆ. ನಿಜ ಅದರ ಪಾಡಿಗೆ ಅದು ಮೂಲೆಯಲ್ಲಿ ಬಿದ್ದಿರುತ್ತದೆ, ಯಾರೂ ನೋಡಿಕೊಳ್ಳಬೇಕಿಲ್ಲ. ಸುಳ್ಳನ್ನು ಮಾತ್ರ ದಿನಾ ಎಬ್ಬಿಸಿ, ತಲೆ ಬಾಚಿ, ಊಟಕ್ಕೆ ಹಾಕಿ ಸಾಕಬೇಕು. ಈ ಸಂಗತಿಯನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ನೀವು ನಮ್ಮ ಬಳಗದವರಲ್ಲ ಎಂಬ ನಂಬಿಕೆಯ ಮೇಲೆ ಹೇಳುತ್ತಿದ್ದೇನೆ.

ತಪ್ಪೆಲ್ಲ ನನ್ನದಲ್ಲ, ಅರ್ಧ ನಮ್ಮ ಯಜಮಾನರದು. ಇವರಿಗೆ ದಾವಣಗೆರೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಸುತ್ತಲಿನ ಹಳ್ಳಿಗಳ ಸುಟ್ಟ ಪಂಪ್‌ಸೆಟ್ ಮೋಟಾರುಗಳೆಲ್ಲ ಇವರ ಕೈಗೇ ಬರುತ್ತವೆ. ಗಟ್ಟಿ ಮನುಷ್ಯ, ದೊಡ್ಡ ಮೀಸೆ, ನಾಲ್ಕು ಜನ ಕೆಲಸದವರ ಮೇಲೆ ದಿನವಿಡೀ ಕೂಗಾಡುವ ದನಿ. ಇಂಥವರಿಗೆ ಐವತ್ತಾರನೆಯ ವಯಸ್ಸಿನಲ್ಲಿ, ಕಡು ಬೇಸಿಗೆಯಲ್ಲಿ ಮೈತುಂಬ ಅಮ್ಮ ಎದ್ದಳು. ಡಾಕ್ಟರು ಚಿಕನ್ ಪಾಕ್ಸ್ ಎಂದರು. ಇವರಿಗೆ ನೋವಿಗಿಂತ ನಾಚಿಕೆ ಹೆಚ್ಚಾಯಿತು. ಒಂದನೇ ಕ್ಲಾಸಿನ ಮಕ್ಕಳಿಗೆ ಬರುವಂಥದ್ದು ತನಗೆ ಬಂತೆಂದು ಗೊತ್ತಾದರೆ ಅಂಗಡಿಯಲ್ಲಿ ಇನ್ನು ಯಾರು ತನಗೆ ಹೆದರುತ್ತಾರೆ ಎಂಬ ಚಿಂತೆ. "ಯಾರಿಗೂ ಹೇಳಬ್ಯಾಡ. ಊರಾಗಿಲ್ಲ ಅಂದ್ಬಿಡು" ಎಂದು ಬೇವಿನ ಸೊಪ್ಪಿನ ಮೇಲೆ ಮಲಗಿ ಆಣೆ ಹಾಕಿಸಿಕೊಂಡರು. ಅಂಗಡಿಗೆ ಬೀಗ ಬಿತ್ತು, ಫೋನುಗಳು ಬಂದ್ ಆದವು. ದೇವರಾಜ ಅರಸು ಬಡಾವಣೆಯ ನಮ್ಮ ಮನೆಯ ಅಕ್ಕಪಕ್ಕದವರು ರಜೆಗೆಂದು ಊರಿಗೆ ಹೋಗಿದ್ದರು. ಹಾಲಿನವನೊಬ್ಬನಿಗೆ ಮಾತ್ರ ವಿಷಯ ಗೊತ್ತಿತ್ತು, ಅವನು ಮಾತು ಕಡಿಮೆ. ಕಿಟಕಿ ಮುಚ್ಚಿ, ಮುಂಬಾಗಿಲು ಹಾಕಿ, ದಾವಣಗೆರೆಯ ಆ ಬಿಸಿಲಿನಲ್ಲಿ ನಾವಿಬ್ಬರೂ ಹನ್ನೆರಡು ದಿನ ಬೆಂದೆವು.

ಇದಾಗಿ ಒಂದು ತಿಂಗಳಿಗೆ ಹರಿಹರದಲ್ಲಿ ಬಳಗದವರ ಮನೆಯ ಗೃಹಪ್ರವೇಶ. ಊಟದ ಸಾಲಿನಲ್ಲಿ ನನ್ನ ಪಕ್ಕಕ್ಕೇ ಬಂದು ಕೂತವರು ಶಕುಂತಲಕ್ಕ. ನಮ್ಮ ಯಜಮಾನರ ದೊಡ್ಡಪ್ಪನ ಸೊಸೆ, ವರಸೆಯಲ್ಲಿ ನನಗೆ ವಾರಗಿತ್ತಿ, ಇರುವುದು ಹರಿಹರದಲ್ಲೇ. ಶಕುಂತಲಕ್ಕನ ಬಗ್ಗೆ ಕೆಟ್ಟದ್ದು ಹೇಳಬಾರದು, ಕಷ್ಟಕ್ಕೆ ಆಗುವ ಜೀವ. ಆದರೆ ಸಿಂಗಾಪುರ, ಮಲೇಶಿಯಾ, ದುಬೈ ಎಂದು ಮೂರು ಪ್ರವಾಸ ಮುಗಿಸಿದ್ದಾರೆ, ಆ ಮೂರನ್ನೂ ಪ್ರತಿ ಊಟದ ಪಂಕ್ತಿಯಲ್ಲಿ ಬಡಿಸುತ್ತಾರೆ. ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ನನ್ನ ಕಡೆ ತಿರುಗಿ, "ಏನವಾ ವಿಮಲಾ, ಹನ್ನೆರಡು ದಿವ್ಸ ಅಂಗಡಿ ಬಾಗ್ಲು ಹಾಕಿತ್ತಂತೆ, ಫೋನೂ ಬಂದ್ ಇತ್ತಂತೆ. ಎಲ್ಲಿಗ್ ಹೋಗಿದ್ರಿ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಎದುರು ಸಾಲಿನವರಿಗೆ ಕೇಳುವಂತೆ, "ಎಲ್ಲಿಗೂ ಹೋಗಿರಕ್ಕಿಲ್ಲ ಬಿಡ್ರಿ. ಇವ್ರು ಎಲ್ಲಿಗ್ ಹೋಗ್ತಾರೆ!" ಎಂದು ನಕ್ಕರು. ಎಂಟು ಜನ ಹೆಂಗಸರು ನಕ್ಕರು. ನನಗೆ ಉರಿದುಹೋಯಿತು. "ದ್ವೀಪಕ್ಕೆ ಹೋಗಿದ್ವಿ ಅಕ್ಕಾ" ಎಂದುಬಿಟ್ಟೆ.

"ಯಾವ ದ್ವೀಪ?"

"ಸುಲಂಬೇರ."

ಆ ಹೆಸರು ಎಲ್ಲಿಂದ ಬಂತೋ ಇವತ್ತಿಗೂ ಗೊತ್ತಿಲ್ಲ. ಬಾಯಲ್ಲಿ ಹೋಳಿಗೆ ಇತ್ತು, ಅದರ ನಡುವೆಯೇ ಹೊರಬಂತು. ಯಾವ ದೇಶದ್ದು ಎಂದು ಕೇಳಿದರು. ದೇಶ ಎಂದರೆ ಮೊಮ್ಮಕ್ಕಳ ಭೂಪಟದಲ್ಲಿ ಹುಡುಕಿಯಾರು ಎಂದು ಹೆದರಿ, "ದೇಶ ಅಲ್ರೀ, ಪ್ರಾಂತ್ಯ. ಅದರ ಆಡಳಿತ ಅದಕ್ಕೇ ಬ್ಯಾರೆ" ಎಂದೆ. ಹೈಸ್ಕೂಲಿನಲ್ಲಿ ನಮಗೆ ಸಮಾಜ ಪಾಠ ಹೇಳುತ್ತಿದ್ದ ಮೇಷ್ಟ್ರೊಬ್ಬರು, ಯಾವ ನಾಡಿನ ಬಗ್ಗೆ ಬರೆದರೂ ಸ್ಥಾನ, ಮೇಲ್ಮೈ ಲಕ್ಷಣ, ವಾಯುಗುಣ, ಆಡಳಿತ ಎಂದು ಈ ಕ್ರಮದಲ್ಲೇ ಬರೆಯಬೇಕು, ಇಲ್ಲದಿದ್ದರೆ ಸೊನ್ನೆ ಎನ್ನುತ್ತಿದ್ದರು. ಅಂದು ಕಲಿತದ್ದು ಅಂದು ಉಪಯೋಗಕ್ಕೆ ಬರಲಿಲ್ಲ, ಹರಿಹರದ ಶಾಮಿಯಾನದ ಕೆಳಗೆ ಬಂತು. ದಾವಣಗೆರೆಯಿಂದ ಹರಿಹರಕ್ಕೆ ಎಷ್ಟು ದೂರವೋ ಅಷ್ಟು ಉದ್ದ, ಆನಗೋಡಿಗೆ ಎಷ್ಟು ದೂರವೋ ಅಷ್ಟು ಅಗಲ. ನಡುವೆ ಒಂದು ಬೆಟ್ಟ. ಬೆಟ್ಟದಿಂದ ಎರಡು ಹೊಳೆ, ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. ದಂಡೆಯ ತುಂಬ ತೆಂಗು, ಇಳಿಜಾರಿನಲ್ಲಿ ಬಾಳೆ. ಹೇಳುತ್ತ ಹೋದಂತೆ ನನಗೇ ಅದು ಕಾಣತೊಡಗಿತು.

ವಾಯುಗುಣಕ್ಕೆ ಬಂದಾಗ ಕತ್ತಿನ ಮೇಲೆ ಬೆವರು ಹರಿಯುತ್ತಿತ್ತು, ಶಾಮಿಯಾನದ ಫ್ಯಾನು ಅಡುಗೆಯವರ ಕಡೆ ತಿರುಗಿತ್ತು. ಆದ್ದರಿಂದ ಸುಲಂಬೇರದಲ್ಲಿ ದಿನಾ ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಮಳೆ ಬರುವಂತೆ ಮಾಡಿದೆ. ಒಂದು ಗಂಟೆ ಮಳೆ, ಆ ಒಂದು ಗಂಟೆ ಊರಿಗೆ ಊರೇ ಮಲಗುವುದು ಕಡ್ಡಾಯ, ಎದ್ದ ಮೇಲೆ ತಂಪು ಗಾಳಿ. "ಕರೆಂಟು?" ಎಂದು ಎದುರಿನವರೊಬ್ಬರು ಕೇಳಿದರು. "ಫ್ಯಾನೇ ಬ್ಯಾಡ ಅಲ್ಲಿ" ಎಂದೆ. ಎಂಟೂ ಜನ ಉಸಿರುಬಿಟ್ಟರು. ಆಮೇಲೆ ಶಕುಂತಲಕ್ಕನ ಕಣ್ಣು ಗಂಡಸರ ಪಂಕ್ತಿಯಲ್ಲಿದ್ದ ಇವರ ಮುಖದ ಮೇಲೆ ಹೋಯಿತು. "ಅಲ್ಲವಾ, ನಿಮ್ಮನಿಯವ್ರ ಮುಖದ ಮ್ಯಾಲೆ ಏನದು, ಕಲೆ ಕಲೆ?" "ಅಲ್ಲಿ ಸೊಳ್ಳೆ ಸ್ವಲ್ಪ ದೊಡ್ಡವು" ಎಂದೆ. ಸ್ವರ್ಗದಂಥ ನನ್ನ ನಾಡಿಗೆ ಸೊಳ್ಳೆಯನ್ನು ಬಿಡಬೇಕಾಗಿ ಬಂದದ್ದು ಇವರ ಮುಖದ ದೆಸೆಯಿಂದ.

ಆಡಳಿತ ಮಾತ್ರ ಪೂರ್ತಿ ಪ್ರಶ್ನೆಗಳ ಒತ್ತಡದಿಂದಲೇ ರೂಪುಗೊಂಡಿತು. ಫೋಟೋ ತೋರಿಸು ಎಂದರು. ಅಲ್ಲಿ ಫೋಟೋ ತೆಗೆಯುವಂತಿಲ್ಲ ಎಂಬ ಕಾಯ್ದೆ ಆ ಕ್ಷಣ ಜಾರಿಗೆ ಬಂತು. ಮೊಬೈಲಿನಲ್ಲಿ ಹುಡುಕಿದರೆ ಬರುತ್ತಿಲ್ಲವಲ್ಲ ಎಂದರು. ಸರ್ಕಾರವೇ ಅದನ್ನು ಮೊಬೈಲಿಗೆ ಬಿಟ್ಟಿರಲಿಲ್ಲ. ಪಾಸ್‌ಪೋರ್ಟ್ ಯಾವಾಗ ಮಾಡಿಸಿದ್ರಿ ಎಂದರು. "ಅಲ್ಲಿಗೆ ಆಧಾರ್ ಸಾಕಕ್ಕಾ" ಎಂದೆ. ಒಂದೇ ಒಂದು ವಿಷಯದಲ್ಲಿ ನಾನು ಸ್ವಂತ ಖುಷಿಗೆ ಆಡಳಿತ ಮಾಡಿದೆ. ಪ್ರಾಂತ್ಯದ ಮುಖ್ಯಸ್ಥೆ ಒಬ್ಬ ಹೆಂಗಸು, ಹೊಲಿಗೆ ಮಾಡುವವಳು. ಎರಡು ವರ್ಷ ಅಧಿಕಾರ, ಮೂರನೆಯ ವರ್ಷ ಮತ್ತೆ ಹೊಲಿಗೆ ಯಂತ್ರ. ಮಂತ್ರಿಗಳು ಒಂಬತ್ತು ಜನ, ಎಲ್ಲರೂ ಒಂದೇ ವ್ಯಾನಿನಲ್ಲಿ ಬರಬೇಕು. ಉಂಡ ತಟ್ಟೆಯನ್ನು ಗಂಡಸರು ತಾವೇ ತೊಳೆಯಬೇಕು, ತಪ್ಪಿದರೆ ದಂಡ. ಇದನ್ನು ಹೇಳುವಾಗ ನನ್ನ ದನಿ ಏರಿತ್ತೆಂದು ಕಾಣುತ್ತದೆ, ಆಚೆ ಪಂಕ್ತಿಯಲ್ಲಿ ಇವರಿಗೆ ನೆತ್ತಿಗೆ ಹತ್ತಿ ಕೆಮ್ಮು ಬಂತು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಹದಿನೈದು ದಿನಕ್ಕೆ ಶಕುಂತಲಕ್ಕನ ಫೋನು. "ವಿಮಲಾ, ನಮ್ಮ ಓಣಿಯ ಆರು ಮನಿಯವ್ರು ಸುಲಂಬೇರಕ್ಕೆ ಹೊಂಟೀವಿ ನೋಡು. ನಿಮ್ಮ ಟೂರಿನವನ ನಂಬರ್ ಕೊಡು." ಟೂರಿನವನು ಊರು ಬಿಟ್ಟಿದ್ದಾನೆ ಎಂದೆ. ಎರಡು ದಿನ ಬಿಟ್ಟು ಮತ್ತೆ ಫೋನು ಮಾಡಿ, ಹಡಗೋ ವಿಮಾನವೋ ಎಂದು ಕೇಳಿದರು. ಎರಡೂ ಎಂದೆ. ನಾಲ್ಕನೆಯ ಸಲ ಫೋನು ಬಂದಾಗ ನಾನು ಬಚ್ಚಲಲ್ಲಿದ್ದೇನೆಂದು ಇವರ ಕೈಯಲ್ಲಿ ಹೇಳಿಸಿದೆ. ನಿಜ ಹೊರಬಿದ್ದರೆ ನನ್ನ ಮಾನದ ಜೊತೆಗೆ ಇವರ ಬೇವಿನ ಸೊಪ್ಪಿನ ಕಥೆಯೂ ಬೀದಿಗೆ ಬರುತ್ತಿತ್ತು. ಶಕುಂತಲಕ್ಕನ ಬಾಯಿಗೆ ಬಿದ್ದದ್ದು ಮೂರು ತಲೆಮಾರು ಉಳಿಯುತ್ತದೆ. ನಾನು ಸತ್ತ ಮೇಲೂ ನನ್ನ ಸೊಸೆಗೆ ಯಾರಾದರೂ "ನಿಮ್ಮತ್ತಿ ದ್ವೀಪಕ್ಕೆ ಹೋಗಿದ್ರಲ್ಲ" ಎಂದು ನಗುವುದು ಕಣ್ಣಿಗೆ ಕಟ್ಟುತ್ತಿತ್ತು. ಹಗಲು ಹೊತ್ತು ಫೋನು ಬಡಿದರೂ ಬೆಚ್ಚಿಬೀಳುವ ಹಾಗಾಯಿತು.

"ಅದಕ್ಕ್ಯಾಕ ಇಷ್ಟು ತಲಿ ಕೆಡಿಸ್ಕೊಂತಿ? ಮುಳುಗಿಸಿಬಿಡು" ಎಂದರು ಇವರು, ಚಹಾ ಕುಡಿಯುತ್ತ. "ಏನನ್ನ?" ಎಂದೆ. "ದ್ವೀಪಾನ. ದೊಡ್ಡ ಅಲೆ ಬಂತು, ಹೋತು ಅಂದ್ಬಿಡು. ಯಾರು ನೋಡಾಕೆ ಹೋಗ್ತಾರೆ?" ಉಪಾಯವೇನೋ ಚೆನ್ನಾಗಿತ್ತು. ಆದರೆ ಆ ಹೊಲಿಗೆಯವಳ ಗತಿ? ಮೂರು ಗಂಟೆಯ ಮಳೆಗೆ ನೆಮ್ಮದಿಯಾಗಿ ಮಲಗಿದ ಜನರ ಮೇಲೆ ಅಲೆ ಬಿಡುವುದೇ? "ಜನ ಅದಾರ್ರೀ ಅಲ್ಲಿ" ಎಂದೆ. ಇವರು ಲೋಟ ಕೆಳಗಿಟ್ಟು ನನ್ನ ಹಣೆ ಮುಟ್ಟಿ ನೋಡಿದರು.

ಆಮೇಲೆ ಶಕುಂತಲಕ್ಕನ ಫೋನು ಬರುವುದೇ ನಿಂತಿತು. ನಾನೇ ಧೈರ್ಯ ಮಾಡಿ ಮಾಡಿದರೆ ಸ್ವಿಚ್ ಆಫ್. ಒಂದೂವರೆ ತಿಂಗಳು ಸುದ್ದಿಯಿಲ್ಲ. ಎಲ್ಲ ಗೊತ್ತಾಗಿದೆ, ಎಂಟು ಜನರ ಮುಂದೆ ಹೇಳಿದ್ದಕ್ಕೆ ಎಂಬತ್ತು ಜನರ ಮುಂದೆ ಉತ್ತರ ಕೊಡಲು ಕಾಯುತ್ತಿದ್ದಾರೆ ಎಂದು ತೀರ್ಮಾನಿಸಿದೆ. ಆ ಎಂಬತ್ತು ಜನ ಸೇರುವ ದಿನವೂ ಬಂತು. ಶಾಮನೂರಿನಲ್ಲಿ ನಮ್ಮ ನಾದಿನಿಯ ಮಗಳಿಗೆ ಕುಬಸ. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ ಆರತಿ ಮಾಡುವಾಗ ಸೋದರತ್ತೆಯಂಥವರು ತಪ್ಪಿಸಿಕೊಳ್ಳುವಂತಿಲ್ಲ. ಹೋಗಿ, ಗೋಡೆಗೆ ಅಂಟಿಕೊಂಡು, ಆದಷ್ಟು ದಪ್ಪ ಹೆಂಗಸೊಬ್ಬರ ಹಿಂದೆ ಕೂತೆ.

ಶಕುಂತಲಕ್ಕ ಬಂದರು. ಬಾಗಿಲಲ್ಲೇ ನಿಂತು ಇಡೀ ಪಡಸಾಲೆಯನ್ನು ನೋಡಿದರು. ನನ್ನನ್ನು ಕಂಡದ್ದೇ ಹೆಂಗಸರನ್ನು ದಾಟಿಕೊಂಡು ನೇರ ಬಂದು ಎದುರಿಗೆ ಕೂತರು. ಎಲ್ಲರೂ ತಿರುಗುವಷ್ಟು ದೊಡ್ಡ ದನಿಯಲ್ಲಿ ಹೇಳಿದರು:

"ನಾವೂ ಹೋಗಿ ಬಂದ್ವಿ ತಗ."

"ಎಲ್ಲಿಗಕ್ಕಾ?"

"ಇನ್ನೆಲ್ಲಿಗೆ, ನಿನ್ನ ಸುಲಂಬೇರಕ್ಕೆ! ನಾನೂ ನಮ್ಮನಿಯವ್ರೂ ಇಬ್ರೇ. ಓಣಿಯವ್ರಿಗೆ ರಜಾ ಸಿಗ್ಲಿಲ್ಲ."

ನಾನು ಅವರ ಮುಖವನ್ನೇ ನೋಡಿದೆ. ಚೇಷ್ಟೆಯೋ, ಬಲೆಯೋ ತಿಳಿಯಲಿಲ್ಲ. ಅವರು ನಿಲ್ಲಿಸಲಿಲ್ಲ. "ನೀನು ಮಳಿ ಮೂರಕ್ಕೆ ಅಂದಿದ್ದಿ, ಇಲ್ಲ, ನಾಲ್ಕೂವರಿ ಆಗ್ತೈತೆ. ಆ ಟೇಲರಮ್ಮ ಇಳಿದ್ಲು, ಈಗ ಯಾರೋ ಟೀಚರ್ ಬಂದಾಳೆ. ವ್ಯಾನು ಹೊಸಾದು ತಂದಾರೆ." ಹೇಳುತ್ತ ಹೇಳುತ್ತ ನಕ್ಕರು. ಆಗ ನನ್ನ ಕಣ್ಣಿಗೆ ಬಿದ್ದದ್ದು ಅವರ ಹಲ್ಲು. ಶಕುಂತಲಕ್ಕನ ಹಲ್ಲು ಒಂದು ಹಿಂದೆ, ಒಂದು ಮುಂದೆ, ನಡುವೆ ಎರಡು ಖಾಲಿ ಇದ್ದವು. ಈಗ ಮೇಲೂ ಕೆಳಗೂ ಬೆಳ್ಳಗೆ, ಒಂದೇ ಅಳತೆಯ, ಹೊಚ್ಚಹೊಸ ಸಾಲು. ಹಳೆಯವನ್ನು ಕೀಳಿಸಿ, ಒಸಡು ಮಾಗುವವರೆಗೆ ಬೊಚ್ಚುಬಾಯಿಯಲ್ಲಿ ಯಾರ ಕಣ್ಣಿಗೂ ಬೀಳದೆ ಹರಿಹರದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಾರೆ! ಎಲ್ಲವೂ ಒಂದೇ ಏಟಿಗೆ ಅರ್ಥವಾಯಿತು. ಅಷ್ಟರಲ್ಲಿ ಪಕ್ಕದವರೊಬ್ಬರು, "ಅಕ್ಕಾ, ಹಲ್ಲು ಏನ್ರೀ ಹಿಂಗ್ ಹೊಳೀತಾವೆ?" ಎಂದು ಕೇಳಿಯೇಬಿಟ್ಟರು. ಶಕುಂತಲಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮೂವತ್ತು ವರ್ಷದಲ್ಲಿ ಮೊದಲ ಸಲ ಅವರು ನನ್ನ ಕಡೆ, ನೀನೇ ಕಾಪಾಡಬೇಕು ಎನ್ನುವಂತೆ ನೋಡಿದರು.

"ಅಲ್ಲಿನ ನೀರು ಹಂಗೈತೆ" ಎಂದೆ. "ಬೆಟ್ಟದ ನೀರು. ಹತ್ತು ದಿವ್ಸ ಬಾಯಿ ಮುಕ್ಕಳಿಸಿದ್ರೆ ಸಾಕು. ನಮ್ಮನಿಯವ್ರವೂ ಹೊಳೀತಿದ್ವು, ಎಲಿ ಅಡಿಕಿ ಹಾಕ್ಕೊಂಡು ಹಾಳು ಮಾಡ್ಕೊಂಡ್ರು."

"ಹ್ಞೂ, ಪೂರ್ವದ ಹೊಳಿ ನೀರು" ಎಂದು ಶಕುಂತಲಕ್ಕ ಸೇರಿಸಿದರು. ನನ್ನ ಎದೆಯ ಮೇಲೆ ಎರಡು ತಿಂಗಳಿಂದ ಕೂತಿದ್ದ ಕಲ್ಲು ಇಳಿಯಿತು. ಅಲ್ಲೇ ಎದ್ದು ಅವರನ್ನು ತಬ್ಬಿಕೊಳ್ಳಬೇಕೆನಿಸಿತು. ಇನ್ನು ಈ ಭೂಮಿಯ ಮೇಲೆ ಸುಲಂಬೇರ ಇಲ್ಲ ಎಂದು ಸಾಧಿಸುವವರು ಯಾರೂ ಇಲ್ಲ, ಎರಡೆರಡು ಮನೆಯವರು ಹೋಗಿ ಬಂದಾಗಿದೆ. ಬಸುರಿಗೆ ಆರತಿ ಮಾಡುವಾಗ ನಾನು ಹಾಡಿದಷ್ಟು ಜೋರಾಗಿ ಅಂದು ಯಾರೂ ಹಾಡಲಿಲ್ಲ. ಊಟಕ್ಕೆ ಇಬ್ಬರೂ ಒಟ್ಟಿಗೇ ಕೂತೆವು. ಅವರಿಗೆ ಅಗಿಯಲು ಕಷ್ಟವಾಗುತ್ತದೆಂದು ಕೋಸಂಬರಿ ಬಡಿಸಲು ಬಂದವರನ್ನು ನಾನೇ ಮುಂದೆ ಸಾಗಿಸಿದೆ. ಪಾಯಸ ಕುಡಿಯುತ್ತ ಶಕುಂತಲಕ್ಕ ಮೆಲ್ಲಗೆ ಕೇಳಿದರು: "ಅಲ್ಲ ವಿಮಲಾ, ಉತ್ತರದ ಕಡೆ ದಂಡೆಯಾಗೆ ಒಂದು ಗವಿ ಐತಲ್ಲ, ಒಳಗೆಲ್ಲ ನೀಲಿ ಬೆಳಕು. ನೀವು ನೋಡ್ಲಿಲ್ಲೇನು? ಅಯ್ಯ, ಅದನ್ನ ನೋಡದೆ ಬಂದ್ರೆ ಹೋಗಿದ್ದೇ ದಂಡ."

ಸಂಜೆ ಸ್ಕೂಟರಿನಲ್ಲಿ ಮನೆಗೆ ಬರುವಾಗ ಇವರಿಗೆ ಎಲ್ಲವನ್ನೂ ಹೇಳಿದೆ. ಇವರು ದಾರಿಯುದ್ದಕ್ಕೂ ನಕ್ಕರು, ಬದುಕಿದೆವು ಎಂದರು. ನನಗೆ ಮಾತ್ರ ನಗು ಬರಲಿಲ್ಲ. ನೀಲಿ ಬೆಳಕಿನ ಗವಿ! ನಾಡು ಕಟ್ಟಿದವಳು ನಾನು, ಮಳೆ ಬರಿಸಿದವಳು ನಾನು, ಅದರ ಅತಿ ಚೆಂದದ ಜಾಗವನ್ನು ನೋಡಿ ಬಂದವರು ಶಕುಂತಲಕ್ಕ.

"ಎಲ್ಲಾ ನಿಮ್ಮಿಂದ" ಎಂದೆ. "ಹನ್ನೆರಡು ದಿವ್ಸ ಇದ್ವಿ. ಒಂದಿನನಾದ್ರೂ ಉತ್ತರದ ಕಡೆ ಕರ್ಕೊಂಡು ಹೋದ್ರಾ ನೀವು?"

ಇವರು ಸ್ಕೂಟರ್ ನಿಲ್ಲಿಸಿದರು. ಹಿಂದಕ್ಕೆ ತಿರುಗಿ ನನ್ನ ಮುಖ ನೋಡಿದರು. ನಾನು ತಮಾಷೆಗೆ ಹೇಳಿಲ್ಲ ಎಂದು ಅವರಿಗೆ ಗೊತ್ತಾಯಿತೆಂದು ಕಾಣುತ್ತದೆ. ಮತ್ತೆ ಗಾಡಿ ಚಾಲೂ ಮಾಡಿ, "ಆತು, ಮುಂದಿನ ಸಲ ಹೋಗೋಣಂತೆ" ಎಂದರು.

ಮದುವೆಯಾದಾಗಿನಿಂದ ಯಾವ ಊರಿನ ಮಾತು ಬಂದರೂ ಇವರು ಹೇಳುವುದು ಇದನ್ನೇ.